ಇಂಗ್ಲಿಷ್ ಕಲಿಯೋಕೆ ಜೊತೆಗಾರರು ಬೇಕು: ಓದುಗರ ಪ್ರಶ್ನೆ, ಮೇಡಂ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿವೆ. ಇಂಗ್ಲಿಷ್ ಮಾತಾಡಿ ರೂಢಿ ಆಗಬೇಕು, ಅದಕ್ಕೆ ಮೊಬೈಲಿನಲ್ಲಿ ಸಿಗುವ ಬೇರೆ ಊರಿನ, ಬೇರೆ ದೇಶದ ಕಲಿಯುವವರ ಜೊತೆ ಮಾತಾಡಬಹುದಾ ಅಂತ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನಾನು ಕನ್ನಡ ಮೀಡಿಯಂನಲ್ಲಿ ಓದಿ ಈಗ ಬಿ.ಕಾಂ. ಕೊನೇ ವರ್ಷದಲ್ಲಿದ್ದೇನೆ. ಇಂಗ್ಲಿಷ್ ಪೇಪರ್ ಓದಿದರೆ ಅರ್ಥ ಆಗುತ್ತೆ, ಪರೀಕ್ಷೆಯಲ್ಲಿ ಮಾರ್ಕ್ಸೂ ಬರುತ್ತೆ. ಆದರೆ ಬಾಯಿ ತೆರೆದರೆ ಮಾತೇ ಹೊರಡಲ್ಲ. ಬೆಂಗಳೂರಿನ ಕಸಿನ್‌ಗಳು ಒಂದು ಸಲ ನಕ್ಕಿದ್ದು ಇನ್ನೂ ಮನಸ್ಸಿನಲ್ಲಿದೆ. ಭಾಷೆ ಕಲಿಯುವವರನ್ನು ಜೋಡಿ ಮಾಡುವ ಒಂದು ಆಪ್ ಹಾಕಿಕೊಂಡಿದ್ದೇನೆ. ಅದರಲ್ಲಿ ಸಿಕ್ಕ ಬ್ರೆಜಿಲ್ ಹುಡುಗಿಗೂ ನನ್ನಷ್ಟೇ ಇಂಗ್ಲಿಷ್ ಬರೋದು. ಇಬ್ಬರೂ ತಪ್ಪು ತಪ್ಪಾಗಿ ಮಾತಾಡಿಕೊಂಡರೆ ಆ ತಪ್ಪೇ ಗಟ್ಟಿಯಾಗಲ್ವಾ ಮೇಡಂ?
— ವಿದ್ಯಾರ್ಥಿನಿ, ಚಳ್ಳಕೆರೆ

ಉತ್ತರ: ಗಟ್ಟಿಯಾಗಲ್ಲಮ್ಮ. ಧೈರ್ಯವಾಗಿ ಮಾತಾಡು. ಸರ್ಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ನಿನ್ನಂಥ ಎಷ್ಟೋ ಮಕ್ಕಳನ್ನು ನೋಡಿದ್ದೇನೆ. ಅವರಿಗೆ ಗ್ರಾಮರ್ ಬರುತ್ತಿತ್ತು, ಪದಗಳೂ ಗೊತ್ತಿದ್ದವು. ಬರದೇ ಇದ್ದದ್ದು ಮಾತು. ಯಾಕೆಂದರೆ ತಪ್ಪಾದರೂ ನಗದೆ ಕೇಳಿಸಿಕೊಳ್ಳುವ ಒಬ್ಬ ಮನುಷ್ಯ ಅವರಿಗೆ ಸಿಕ್ಕಿರಲಿಲ್ಲ. ಕಸಿನ್‌ಗಳ ಎದುರು ನೀನು ಮಾತಾಡುತ್ತಿರಲಿಲ್ಲ, ಪರೀಕ್ಷೆ ಕೊಡುತ್ತಿದ್ದೆ. ಬ್ರೆಜಿಲ್ ಹುಡುಗಿಯ ಎದುರು ಹಾಗಿಲ್ಲ. ಅವಳಿಗೆ ಕನ್ನಡ ಬರಲ್ಲ, ನಿನಗೆ ಪೋರ್ಚುಗೀಸ್ ಬರಲ್ಲ. ಇಂಗ್ಲಿಷ್ ಬಿಟ್ಟರೆ ನಿಮ್ಮಿಬ್ಬರಿಗೂ ಬೇರೆ ಗತಿಯೇ ಇಲ್ಲ, ಅದೇ ಒಳ್ಳೆಯದು.

ಇನ್ನು ತಪ್ಪಿನ ಮಾತು. ಅವಳ ತಪ್ಪು ಬೇರೆ, ನಿನ್ನ ತಪ್ಪು ಬೇರೆ. ಪೋರ್ಚುಗೀಸ್‌ನಲ್ಲಿ ವಯಸ್ಸು ಹೇಳುವಾಗ 'ನನ್ನ ಹತ್ತಿರ ಇಪ್ಪತ್ತು ವರ್ಷ ಇದೆ' ಅನ್ನೋ ಥರ ಹೇಳುತ್ತಾರೆ. ಹಾಗಾಗಿ ಅವಳ ಬಾಯಲ್ಲಿ 'ಐ ಹ್ಯಾವ್ ಟ್ವೆಂಟಿ ಇಯರ್ಸ್' ಅಂತ ಬರಬಹುದು. ಅದು ತಪ್ಪು ಅಂತ ನಿನಗೆ ಕೇಳಿದ ಕೂಡಲೇ ಗೊತ್ತಾಗುತ್ತೆ, ಅಲ್ವಾ? ನೀನು 'ಟುಡೇ ಓನ್ಲಿ ಐ ಕೇಮ್' ಅಂದರೆ ಅವಳು ತಡೆಯುತ್ತಾಳೆ. 'ಓನ್ಲಿ? ವೈ ಓನ್ಲಿ?' ಅಂತ ಕೇಳುತ್ತಾಳೆ. ಅದು ನಮ್ಮ 'ಇವತ್ತೇ ಬಂದೆ' ಅನ್ನೋದರಲ್ಲಿರುವ 'ಏ'ಕಾರ. ಇಂಗ್ಲಿಷ್ ಬಟ್ಟೆ ಹಾಕಿಕೊಂಡು ಬಂದಿದೆ ಅಷ್ಟೇ. ಇಬ್ಬರು ಕನ್ನಡದವರೇ ಇಂಗ್ಲಿಷ್ ಮಾತಾಡಿಕೊಂಡರೆ ಈ 'ಓನ್ಲಿ' ಯಾರ ಕಿವಿಗೂ ಬೀಳಲ್ಲ. ಇಬ್ಬರಿಗೂ ಸಲೀಸಾಗಿ ಅರ್ಥವಾಗಿಬಿಡುತ್ತೆ. 'ಐ ಹ್ಯಾವ್' ಅನ್ನಬೇಕಾದ ಕಡೆ 'ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್' ಅನ್ನೋದು ಕೂಡ ಹಾಗೇ ವರ್ಷಗಟ್ಟಲೆ ಉಳಿದುಕೊಳ್ಳುತ್ತೆ. ಮೊದಲ ಭಯ ಬಿಡೋಕೆ ಊರಿನ ಗೆಳತಿಯರು ಸಾಕು, ಆಮೇಲೆ ಬೇರೆ ಭಾಷೆಯವರೇ ಬೇಕು ಅಂತ ನಾನು ಹೇಳೋದು ಇದಕ್ಕೇ.

ನನ್ನದೇ ಒಂದು ಅನುಭವ ಹೇಳುತ್ತೇನೆ. 2020ರ ಲಾಕ್‌ಡೌನಿನಲ್ಲಿ ಟರ್ಕಿಯ ಒಬ್ಬ ಗೃಹಿಣಿ ನನಗೆ ಹೀಗೇ ಪರಿಚಯ ಆದರು. ಇಂಗ್ಲಿಷ್ ಕಲಿಯುತ್ತಿದ್ದವರು. ನಮ್ಮ ರಾತ್ರಿ 9 ಗಂಟೆ ಅಂದರೆ ಅವರಿಗೆ ಸಂಜೆ 6:30, ಅಡುಗೆ ಹೊತ್ತು. ಒಂದು ದಿನ ಬೇಳೆ ಸಾರಿನ ಮಾತು ಬಂತು. ಒಗ್ಗರಣೆಗೆ 'ಟೆಂಪರಿಂಗ್' ಅಂದೆ. ಅವರು ಆ ಪದವನ್ನೇ ಕೇಳಿರಲಿಲ್ಲ. ಸರಿ ಅಂತ ಬಿಡಿಸಿ ಹೇಳೋಕೆ ಶುರು ಮಾಡಿದೆ. ಚಿಕ್ಕ ಬಾಣಲೆಯಲ್ಲಿ ಎಣ್ಣೆ ಕಾಯಿಸುತ್ತೇವೆ, ಸಾಸಿವೆ ಹಾಕುತ್ತೇವೆ, ಅದು ಚಟಪಟ ಸಿಡಿಯುತ್ತೆ, ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕುತ್ತೇವೆ, ಆಮೇಲೆ ಎಲ್ಲ ಸೇರಿಸಿ ಬೇಳೆಯ ಮೇಲೆ ಚುಂಯ್ ಅಂತ ಸುರಿಯುತ್ತೇವೆ. ಅಷ್ಟೂ ಸಣ್ಣ ಸಣ್ಣ ವಾಕ್ಯ. ಅವರು ಒಂದು ಗಳಿಗೆ ಸುಮ್ಮನಿದ್ದು, 'ವೀ ಆಲ್ಸೋ!' ಅಂತ ಕೂಗಿದರು. ಅವರ ಕಡೆ ಬೆಣ್ಣೆ ಕರಗಿಸಿ, ಕೆಂಪು ಮೆಣಸಿನ ಪುಡಿ ಹಾಕಿ, ಬೇಳೆ ಸೂಪಿನ ಮೇಲೆ ಹೀಗೇ ಸುರಿಯುತ್ತಾರಂತೆ. ಅವತ್ತು ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದೆವು. ಟೆನ್ಸ್ ಯಾವುದು ಅಂತ ಒಂದು ಸಲವೂ ಯೋಚನೆ ಬರಲಿಲ್ಲ. ವರ್ಷಗಟ್ಟಲೆ ಕ್ಲಾಸಿನಲ್ಲಿ ನಾನು ಹೇಳಿಕೊಟ್ಟಿದ್ದ ಸಿಂಪಲ್ ಪ್ರೆಸೆಂಟ್ ಟೆನ್ಸ್ ಅಂದರೆ ಇದೇ ಅಂತ ಅವತ್ತು ಮನಸ್ಸಿಗೆ ಹತ್ತಿತು.

ಇನ್ನೊಂದು ಚೆಂದದ ವಿಷಯ. ಟರ್ಕಿಯವರ ಭಾಷೆಯಲ್ಲೂ ಕ್ರಿಯಾಪದ ನಮ್ಮ ಹಾಗೆ ಕೊನೆಗೇ ಬರೋದು. 'ಬೆನ್ ಎಲ್ಮಾ ಯೆದಿಮ್' ಅಂದರೆ ಪದಕ್ಕೆ ಪದ ಇಟ್ಟ ಹಾಗೆ 'ನಾನು ಸೇಬು ತಿಂದೆ'. ನಮ್ಮಲ್ಲಿ ಇಲ್ಲದ ಹಾಗೆ ಅವರಲ್ಲೂ ಇಂಗ್ಲಿಷಿನ 'ದ' (the) ಥರದ ಪದ ಇಲ್ಲ. ಆದ್ದರಿಂದ ಇಬ್ಬರೂ ಎಡವುತ್ತಿದ್ದದ್ದು ಒಂದೇ ಕಡೆ. ಜಪಾನಿನವರೂ ಹಾಗೇ, ಕ್ರಿಯಾಪದ ಕೊನೆಗೆ. ಇವರ ಜೊತೆ ಮಾತಾಡಿದರೆ 'ದ' ಎಲ್ಲಿ ಹಾಕಬೇಕು ಅನ್ನೋದು ನಮ್ಮ ದಡ್ಡತನದ ಪ್ರಶ್ನೆ ಅಲ್ಲ, ಭಾಷೆಯ ಪ್ರಶ್ನೆ ಅಂತ ಗೊತ್ತಾಗುತ್ತೆ. ಆ ನಾಚಿಕೆ ಬಿಟ್ಟು ಹೋಗೋದೇ ದೊಡ್ಡ ಲಾಭ ಕಣಮ್ಮ.

ನೀನು ಹೀಗೆ ಮಾಡು. ವಾರಕ್ಕೆ ಎರಡು ದಿನ, ಇಪ್ಪತ್ತು ನಿಮಿಷ ಸಾಕು. ಹೊತ್ತು ಮೊದಲೇ ಗೊತ್ತು ಮಾಡಿಕೊ. ಅವಳು ಸಾವೊ ಪೌಲೊ ಕಡೆಯವಳಾದರೆ ನಮ್ಮ ರಾತ್ರಿ 8:30 ಅವಳಿಗೆ ಮಧ್ಯಾಹ್ನ 12. ಬಿಬಿಸಿಯವರು 1943ರಿಂದ ಇಂಗ್ಲಿಷ್ ಹೇಳಿಕೊಡುತ್ತಾ ಬಂದವರು. ಅವರ 'ಸಿಕ್ಸ್ ಮಿನಿಟ್ ಇಂಗ್ಲಿಷ್' ಕಾರ್ಯಕ್ರಮ ಪುಕ್ಕಟೆ ಸಿಗುತ್ತೆ. ಒಂದೇ ಕಂತನ್ನು ಇಬ್ಬರೂ ಮೊದಲೇ ಕೇಳಿಕೊಂಡು ಬಂದು ಅದರ ಬಗ್ಗೆ ಮಾತಾಡಿ. 'ಹೌ ಆರ್ ಯು, ಐ ಆ್ಯಮ್ ಫೈನ್' ಮುಗಿದ ಮೇಲೆ ಏನು ಮಾತಾಡೋದು ಅನ್ನೋ ತೊಂದರೆ ಇರಲ್ಲ. ಮಾತಿನ ಮಧ್ಯೆ ತಿದ್ದಬೇಡಿ. ಕೊನೇ ಐದು ನಿಮಿಷದಲ್ಲಿ ಒಬ್ಬರಿಗೊಬ್ಬರು ಎರಡೆರಡು ತಪ್ಪು ಹೇಳಿಕೊಳ್ಳಿ. ಅನುಮಾನ ಬಂದರೆ ಆನ್‌ಲೈನ್ ಡಿಕ್ಷನರಿ ಇದೆ, ಸ್ಪೀಕರ್ ಗುರುತು ಒತ್ತಿದರೆ ಉಚ್ಚಾರಣೆಯೂ ಕೇಳುತ್ತೆ. ಆ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡು. ಮೂರು ತಿಂಗಳ ನಂತರ ಮೊದಲ ಪುಟ ತೆಗೆದು ನೋಡಿ ನನಗೆ ಪತ್ರ ಬರಿ. ನಾನು ಕಾಯುತ್ತಿರುತ್ತೇನೆ.

ಪ್ರಶ್ನೆ: ಇಂಗ್ಲೆಂಡಿಗೆ ನರ್ಸ್ ಆಗಿ ಹೋಗಬೇಕು ಅಂತ ಒಇಟಿಗೆ, ಅಂದರೆ ಆಸ್ಪತ್ರೆ ಕೆಲಸದವರಿಗಾಗಿ ಇರುವ ಇಂಗ್ಲಿಷ್ ಪರೀಕ್ಷೆಗೆ, ತಯಾರಿ ಮಾಡುತ್ತಿದ್ದೇನೆ. ಓದು, ಬರಹ ಪರವಾಗಿಲ್ಲ. ಸ್ಪೀಕಿಂಗ್ ಅಂದರೆ ಭಯ. ಅಲ್ಲಿಯವರ ಧಾಟಿಯಲ್ಲೇ ಮಾತಾಡಬೇಕಾ? ಆನ್‌ಲೈನಿನಲ್ಲಿ ಪರಿಚಯವಾದ ಫಿಲಿಪ್ಪೀನ್ಸ್‌ನ ಒಬ್ಬ ನರ್ಸ್ ಜೊತೆ ಅಭ್ಯಾಸ ಮಾಡಿದರೆ ಸಾಲುತ್ತಾ?
— ಸ್ಟಾಫ್ ನರ್ಸ್, ಮಂಗಳೂರು

ಉತ್ತರ: ಧಾಟಿ ಬದಲಾಯಿಸಬೇಡಿ. ಎದುರಿನವರಿಗೆ ಸ್ಪಷ್ಟವಾಗಿ ಅರ್ಥವಾಗಬೇಕು, ಅಷ್ಟೇ. ಇಂಗ್ಲೆಂಡಿನ ನರ್ಸಿಂಗ್ ಕೌನ್ಸಿಲ್ ಸ್ಪೀಕಿಂಗ್‌ನಲ್ಲಿ 'ಬಿ' ಗ್ರೇಡ್ ಕೇಳುತ್ತೆ. ಅದು ಮುಟ್ಟಲಾಗದ ಎತ್ತರ ಏನಲ್ಲ.

ಆ ಪರೀಕ್ಷೆಯಲ್ಲಿ ಎರಡು ರೋಲ್‌ಪ್ಲೇ ಇರುತ್ತೆ, ಒಂದೊಂದು ಸುಮಾರು ಐದು ನಿಮಿಷ. ನೀವು ನರ್ಸ್, ಎದುರಿನವರು ರೋಗಿ ಅಥವಾ ರೋಗಿಯ ಮನೆಯವರು. ಇದಕ್ಕೆ ಇನ್ನೊಬ್ಬ ನರ್ಸ್‌ಗಿಂತ ಒಳ್ಳೆಯ ಜೊತೆ ಎಲ್ಲಿ ಸಿಗಬೇಕು ಹೇಳಿ? ಒಂದು ದಿನ ನೀವು ನರ್ಸ್ ಆಗಿ, ಇನ್ನೊಂದು ದಿನ ರೋಗಿ ಆಗಿ. ರೋಗಿ ಆಗೋದನ್ನು ತಪ್ಪಿಸಬೇಡಿ. ನೋವು ಚುಚ್ಚುತ್ತಾ, ಉರಿಯುತ್ತಾ, ಪಟಪಟ ಹೊಡೆದುಕೊಳ್ಳುತ್ತಾ ಅಂತ ನಮ್ಮವರು ವಾರ್ಡಿನಲ್ಲಿ ದಿನಾ ಹೇಳೋದನ್ನು ನೀವು ಕೇಳಿದ್ದೀರಿ. 'ಸ್ಟ್ಯಾಬಿಂಗ್', 'ಬರ್ನಿಂಗ್', 'ಥ್ರಾಬಿಂಗ್' ಅನ್ನೋ ಪದಗಳು ಪುಸ್ತಕದಲ್ಲಿ ಓದಿದರೆ ಮರೆತು ಹೋಗುತ್ತವೆ. ಹೊಟ್ಟೆ ಹಿಡಿದುಕೊಂಡು ಒಂದು ಸಲ ರೋಗಿಯ ಬಾಯಿಂದ ಹೇಳಿದರೆ ಉಳಿದುಕೊಳ್ಳುತ್ತವೆ. ಹೆದರಿದ ಮುದುಕಿ, ಸಿಟ್ಟಾದ ಮಗ, ಏನು ಕೇಳಿದರೂ 'ಐ ಆ್ಯಮ್ ಓಕೆ' ಅನ್ನುವ ಗಂಡಸು, ಈ ಮೂರನ್ನು ಸರದಿ ಹಾಕಿಕೊಂಡು ಆಡಿ.

ಉಚ್ಚಾರಣೆಯಲ್ಲಿ ಎರಡು ಕಡೆ ಮಾತ್ರ ನಿಗಾ ಇಡಿ. 'ಎ', 'ಓ' ಇಂದ ಶುರುವಾಗುವ ಪದಕ್ಕೆ ನಮ್ಮ ನಾಲಿಗೆ ತಾನಾಗಿಯೇ 'ಯ', 'ವ' ಸೇರಿಸುತ್ತೆ. 'ಎಕ್ಸ್‌ರೇ' ಹೋಗಿ 'ಯೆಕ್ಸ್‌ರೇ' ಆಗುತ್ತೆ, 'ಓನ್ಲಿ' ಹೋಗಿ 'ವೋನ್ಲಿ' ಆಗುತ್ತೆ. ಇನ್ನೊಂದು, ನಮಗೆ ಇರೋದು ಒಂದೇ 'ವ', ಅವರಿಗೆ ಎರಡು. ಮೇಲಿನ ಹಲ್ಲು ಕೆಳತುಟಿಗೆ ತಾಗಿದರೆ 'ವೆಸ್ಟ್' ಅಂದರೆ ಬನಿಯನ್. ಹಲ್ಲು ತಾಗಿಸದೆ ತುಟಿ ಗುಂಡಗೆ ಮಾಡಿ ಹೇಳಿದರೆ ಅದೇ 'ವೆಸ್ಟ್' ಪಶ್ಚಿಮ ದಿಕ್ಕು. ಬನಿಯನ್ ತೆಗೆಯಿರಿ ಅಂತ ರೋಗಿಗೆ ಹೇಳೋದು ದಿನಾ ಇರುತ್ತೆ, ಕನ್ನಡಿ ಮುಂದೆ ನಿಂತು ತುಟಿ ನೋಡಿಕೊಂಡು ಅಭ್ಯಾಸ ಮಾಡಿ. ಗೆಳತಿಗೆ ಮೊದಲೇ ಹೇಳಿಡಿ, ತಪ್ಪಿದಾಗ ಕೈ ಎತ್ತಲಿ.

ಪ್ರಶ್ನೆ: 'ನೀನು ಎಷ್ಟನೇ ಮಗ?' ಅನ್ನೋದನ್ನು ಇಂಗ್ಲಿಷ್‌ನಲ್ಲಿ ಹೇಗೆ ಕೇಳೋದು? ಆನ್‌ಲೈನ್ ಗೆಳೆಯನಿಗೆ ಕೇಳೋಕೆ ಹೋಗಿ ಅರ್ಧಕ್ಕೇ ನಿಲ್ಲಿಸಿದೆ.
— ಓದುಗರು, ಹೊಸಪೇಟೆ

ಉತ್ತರ: 'ಎಷ್ಟನೇ' ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ರೂಢಿಯ ಒಂದು ಪದ ಇಲ್ಲ. ಕೊರತೆ ಆ ಭಾಷೆಯದು, ನಿಮ್ಮದಲ್ಲ. 'ಆರ್ ಯು ದ ಎಲ್ಡೆಸ್ಟ್?' ಅಂತ ಕೇಳಿ. ಅವನೇ 'ನೋ, ಐ ಆ್ಯಮ್ ದ ಥರ್ಡ್' ಅಂತ ಹೇಳುತ್ತಾನೆ.

ಪ್ರಶ್ನೆ: ಇಂಗ್ಲಿಷ್ ಅಭ್ಯಾಸಕ್ಕೆ ಅಂತ ಪರಿಚಯವಾದ ಒಬ್ಬ ಲಂಡನ್ ಎಂಜಿನಿಯರ್ ಮೂರು ವಾರದಲ್ಲೇ ತುಂಬಾ ಆತ್ಮೀಯನಾದ. ಈಗ ಗಿಫ್ಟ್ ಪಾರ್ಸೆಲ್ ಕಳಿಸಿದ್ದಾನಂತೆ. ಕಸ್ಟಮ್ಸ್‌ನವರು ಅಂತ ಒಬ್ಬರು ಫೋನ್ ಮಾಡಿ, ಬಿಡಿಸಿಕೊಳ್ಳೋಕೆ 35,000 ರೂಪಾಯಿ ಕಟ್ಟಿ ಅನ್ನುತ್ತಿದ್ದಾರೆ. ಮನೆಯಲ್ಲಿ ಹೇಳೋಕೆ ಸಂಕೋಚ.
— ಹೆಸರು ಬೇಡ, ಗದಗ

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ. ಪಾರ್ಸೆಲ್ಲೂ ಇಲ್ಲ, ಎಂಜಿನಿಯರ್ರೂ ಇಲ್ಲ. ಇದು ಹಳೇ ಮೋಸ. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಈಗಾಗಲೇ ಸ್ವಲ್ಪ ಹಣ ಕಟ್ಟಿದ್ದರೆ ಈ ಪುಟ ಕೆಳಗಿಟ್ಟು ಈಗಲೇ ಫೋನ್ ಮಾಡಿ. ತಡ ಆದಷ್ಟೂ ಹಣ ಸಿಗೋದು ಕಷ್ಟ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ನೀವು ಕಲಿಯೋಕೆ ಹೋದವರು, ತಪ್ಪು ನಿಮ್ಮದಲ್ಲ.

ಉಳಿದವರಿಗೂ ಒಂದು ಮಾತು. ನಿಜವಾಗಿ ಭಾಷೆ ಕಲಿಯೋಕೆ ಬಂದವರು ಭಾಷೆಯ ಮಾತೇ ಜಾಸ್ತಿ ಆಡುತ್ತಾರೆ. 'ನಾನು ಹೇಳಿದ್ದು ಸರಿ ಇದೆಯಾ' ಅಂತ ಕೇಳುತ್ತಾರೆ. ಬಂದ ಎರಡನೇ ದಿನವೇ ಹೊಗಳಿಕೆ ಶುರು ಮಾಡಿ, ವಾಟ್ಸಾಪ್ ನಂಬರ್ ಕೊಡು, ಫೋಟೋ ಕಳಿಸು ಅನ್ನುವವರನ್ನು ಬ್ಲಾಕ್ ಮಾಡಿ. ದಾಕ್ಷಿಣ್ಯ ಬೇಡವೇ ಬೇಡ.

ಪ್ರಶ್ನೆ: ನನಗೆ 61 ವರ್ಷ. ಮಗ ಸೊಸೆ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದಾರೆ. ಏಳು ವರ್ಷದ ಮೊಮ್ಮಗನಿಗೆ ಕನ್ನಡ ಸ್ವಲ್ಪ ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ. ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಮುಖ ನೋಡಿಕೊಂಡು ಕೂತಿರುತ್ತೇವೆ. ಈ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಯೋಕೆ ಆಗುತ್ತಾ?
— ಅಜ್ಜಿ, ತಿಪಟೂರು

ಉತ್ತರ: ಆಗುತ್ತೆ ಅಮ್ಮಾ. ನಿಮ್ಮ ಪತ್ರ ಓದಿ ತುಂಬಾ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ. ನಿಮಗೆ ಬೇಕಾಗಿರೋದು ಇಡೀ ಇಂಗ್ಲಿಷ್ ಅಲ್ಲ, ಏಳು ವರ್ಷದ ಮಗುವಿನಷ್ಟು ಇಂಗ್ಲಿಷ್. ತಿಂಡಿ, ಸ್ಕೂಲು, ನಾಯಿಮರಿ, ಮಳೆ. ದಿನಕ್ಕೆ ನಾಲ್ಕು ವಾಕ್ಯ ಸಾಕು.

ಮೊದಲು ಒಬ್ಬ ಜೊತೆಗಾತಿಯನ್ನು ಹುಡುಕಿಕೊಳ್ಳಿ. ಬೇರೆ ಕಡೆಯಿಂದ ಬೆಂಗಳೂರಿಗೆ ಬಂದು ಕನ್ನಡ ಕಲಿಯಬೇಕು ಅಂತ ಆಸೆ ಪಡುವ ಹುಡುಗಿಯರು ತುಂಬಾ ಜನ ಇದ್ದಾರೆ. ಅವರಿಗೆ ನಿಮ್ಮಂಥವರ ಬಾಯಿಂದ ಬರುವ ಕನ್ನಡ ಸಿಗೋದೇ ಅಪರೂಪ. ಮಗನಿಗೋ, ಬೆಂಗಳೂರಿನ ನೆಂಟರಿಗೋ ಹೇಳಿ ಅಂಥ ಒಬ್ಬಳನ್ನು ಪರಿಚಯ ಮಾಡಿಸಿಕೊಳ್ಳಿ. ಅರ್ಧ ಗಂಟೆ ಫೋನ್. ಹದಿನೈದು ನಿಮಿಷ ನೀವು ಅವಳಿಗೆ ಕನ್ನಡ ಹೇಳಿಕೊಡಿ, ಹದಿನೈದು ನಿಮಿಷ ಅವಳು ನಿಮಗೆ ಇಂಗ್ಲಿಷ್. ದುಡ್ಡಿನ ಮಾತೇ ಇಲ್ಲ. ಅವಳು 'ನಾನು ಹೋದಳು' ಅಂದಾಗ ನೀವು ತಿದ್ದುತ್ತೀರಲ್ಲ, ಆಗ ಅವಳು ನಿಮ್ಮನ್ನು ತಿದ್ದಿದರೆ ಬೇಜಾರೇ ಆಗಲ್ಲ.

ಮೊಮ್ಮಗನಿಗೆ ಭಾನುವಾರ ಸಂಜೆ 7:30ಕ್ಕೆ ಕಾಲ್ ಮಾಡಿ. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ 10 ಆಗಿರುತ್ತೆ, ಚಳಿಗಾಲದಲ್ಲಿ 9. ಅಡುಗೆಮನೆಯಿಂದಲೇ ಮಾಡಿ. ಮೊದಲ ದಿನಕ್ಕೆ ಒಂದೇ ಪ್ರಶ್ನೆ ಕಲಿತುಕೊಳ್ಳಿ: 'ವಾಟ್ ಡು ಯು ಕಾಲ್ ದಿಸ್?' ಸೌಟು ತೋರಿಸಿ ಕೇಳಿ, ಲೋಟ ತೋರಿಸಿ ಕೇಳಿ. ಅವನು ಹೇಳಿದ್ದನ್ನು ನೀವೂ ಜೋರಾಗಿ ಹೇಳಿ. ಕೊನೆಗೆ ಈಳಿಗೆಮಣೆ ತೋರಿಸಿ. ಅದು ಏನು ಅಂತ ಅವನಿಗೆ ಗೊತ್ತಿರಲ್ಲ. ಆಗ ಅವನೇ ನಿಮ್ಮನ್ನು ಕೇಳುತ್ತಾನೆ, ನಿಧಾನವಾಗಿ ಬಿಡಿಸಿ ಹೇಳಿ: ಈ-ಳಿ-ಗೆ-ಮ-ಣೆ.