ರೇಷ್ಮೆ ಹುಳಕ್ಕೆ ಬ್ಯಾಕ್ಟೀರಿಯಾ ಚುಚ್ಚಿದ ಮೇಲೆ ರಕ್ತಕಣಗಳ ಎಣಿಕೆ ಇಳಿದಿದೆ. ಕಣಗಳು ಸತ್ತವು ಅಂತ ಪ್ರಾಜೆಕ್ಟಿನಲ್ಲಿ ಬರೆಯಬಹುದಾ?

ಬರೆಯಬೇಡಿ. ಇದೇ ಮಾತು ಬರೆದು ನಾನು ಎಂಎಸ್ಸಿಯ ಒಂದು ಅಧ್ಯಾಯವನ್ನೇ ಕಳೆದುಕೊಂಡೆ.

ನಾನೂ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದ ಹುಳಗಳನ್ನೇ ಆರಿಸಿಕೊಂಡಿದ್ದೆ. ಬ್ಯಾಕ್ಟೀರಿಯಾ ಚುಚ್ಚಿ, ಕೆಲವು ಗಂಟೆ ಬಿಟ್ಟು, ಹೊಟ್ಟೆಯ ಕೆಳಗಿನ ಗಿಡ್ಡ ಕಾಲೊಂದರ ತುದಿ ಕತ್ತರಿಸಿ, ತೊಟ್ಟಿಕ್ಕುವ ತಿಳಿ ಹಳದಿ ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟ ಟ್ಯೂಬಿಗೆ ಹಿಡಿಯುತ್ತಿದ್ದೆ. ಕಪ್ಪಾಗದಿರಲಿ ಅಂತ ಒಳಗೆ ಚೂರು ಫಿನೈಲ್‌ಥಯೋಯೂರಿಯಾ. ಆಮೇಲೆ ಹೀಮೋಸೈಟೋಮೀಟರ್ ಅನ್ನುವ ಗೆರೆ ಕೊರೆದ ಗಾಜಿನ ಮೇಲೆ ಹಾಕಿ, ಕೂತು ಎಣಿಕೆ. ಇಷ್ಟು ನಾಜೂಕು ಮಾಡಿ, ರಕ್ತ ತೆಗೆದ ಹುಳವನ್ನು ಮಾತ್ರ ಸೀದಾ ಕಸದ ಡಬ್ಬಿಗೆ ಹಾಕುತ್ತಿದ್ದೆ. ಕೆಟ್ಟಿದ್ದು ಅಲ್ಲೇ. ನಾನು ಎಣಿಸಿದ್ದು ತೇಲಾಡುತ್ತಿದ್ದ ಕಣಗಳನ್ನು ಅಷ್ಟೇ. ಬ್ಯಾಕ್ಟೀರಿಯಾ ಹಿಡಿಯುವ ಕೆಲಸಕ್ಕೆ ಹೋದ ಕಣಗಳು ತೇಲುವುದಿಲ್ಲ, ಅಂಟಿಕೊಳ್ಳುತ್ತವೆ. ವೈವಾದಲ್ಲಿ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ: "ಹುಳದ ಒಳಗೆ ನೋಡಿದ್ರಾ?" ನೋಡಿರಲಿಲ್ಲ. ನೋಡೋಣ ಅಂದರೆ ಹುಳಗಳೇ ಇರಲಿಲ್ಲ, ಮುಂದಿನ ಬೆಳೆಯವರೆಗೆ ಕಾಯಬೇಕಾಯಿತು.

ಆಮೇಲೆ ಬೆನ್ನುದ್ದಕ್ಕೆ ಸೀಳಿ ಉಪ್ಪುನೀರಿನಲ್ಲಿ ಬಿಡಿಸಿ ನೋಡಿದೆ. ಕೊಬ್ಬಿನ ಅಂಗಾಂಶದ ಮೇಲೆ, ಉಸಿರು ನಳಿಗೆಗಳ ಸುತ್ತ, ಸಾಸಿವೆಗಿಂತ ಚಿಕ್ಕ ಕಪ್ಪು ಗಂಟುಗಳು. ಗಂಟು ಕಟ್ಟುವುದು ರಕ್ತಕಣಗಳೇ: ಗ್ರಾನ್ಯುಲೋಸೈಟ್ ಅನ್ನುವ ಬಗೆಯವು ಮೊದಲು ಬ್ಯಾಕ್ಟೀರಿಯಾಕ್ಕೆ ಮೆತ್ತಿಕೊಳ್ಳುತ್ತವೆ, ಪ್ಲಾಸ್ಮಟೋಸೈಟ್ ಅನ್ನುವ ಇನ್ನೊಂದು ಬಗೆಯವು ಬಂದು ಸುತ್ತಲೂ ಪದರ ಕಟ್ಟುತ್ತವೆ. ಈನೋಸೈಟಾಯ್ಡ್ ಅನ್ನುವ ದೊಡ್ಡ ಕಣ ಒಡೆದು ಕಿಣ್ವ ಬಿಡುತ್ತದೆ, ಅದರಿಂದ ಮೆಲನಿನ್ ಅನ್ನುವ ಕಪ್ಪು ಬಣ್ಣ ಹುಟ್ಟಿ ಗಂಟು ಕಪ್ಪಾಗುತ್ತದೆ. ರೇಷ್ಮೆ ಹುಳದ ಮೇಲೆ ಮೊಟ್ಟೆಯಿಡುವ ಊಜಿ ನೊಣದ ಮರಿ ಕೊರೆದ ಜಾಗದಲ್ಲಿ ಹುಳದ ಮೈಮೇಲೆ ಕಪ್ಪು ಮಚ್ಚೆ ಕಾಣುತ್ತದಲ್ವಾ, ಅದೂ ಇದೇ ಮೆಲನಿನ್.

ಹಾಗಾಗಿ "ಕಡಿಮೆಯಾಯಿತು, ಅಂದರೆ ಸತ್ತವು" ಅನ್ನುವ ನಿಮ್ಮ ಲೆಕ್ಕವೇ ಸರಿಯಿಲ್ಲ. ಸಾವಿನ ಬಗ್ಗೆ ಹೇಳಲೇಬೇಕಾದರೆ ಸತ್ತ ಕಣಗಳಿಗೆ ಮಾತ್ರ ನೀಲಿ ಹತ್ತಿಸುವ ಟ್ರೈಪಾನ್ ಬ್ಲೂ ಬಣ್ಣ ಹಾಕಿ ತೋರಿಸಿ. ಒಂದೇ ಹೊತ್ತಿನ ಎಣಿಕೆಯನ್ನೂ ನಂಬಬೇಡಿ. ರೆಕ್ಕೆ ಮೊಗ್ಗುಗಳ ಪಕ್ಕದ ಅಂಗದಲ್ಲಿ ಹೊಸ ಕಣ ಹುಟ್ಟುತ್ತಿರುತ್ತವೆ, ರಕ್ತದಲ್ಲಿರುವ ಕೆಲವೂ ವಿಭಜಿಸಿ ಎರಡಾಗುತ್ತವೆ. ಬೆಳಿಗ್ಗೆ ಇಳಿದದ್ದು ಮಾರನೇ ದಿನ ಏರಿರಬಹುದು.

ಹಣ್ಣಿನ ನೊಣಕ್ಕೆ ಬದಲಾಯಿಸಲಾ ಅಂತಲೂ ಕೇಳಿದ್ದೀರಿ. ಸುಮ್ನೆ ಯಾಕೆ? ಕಣಜ ಮೊಟ್ಟೆಯಿಟ್ಟಾಗ ನೊಣದ ಮರಿಯಲ್ಲಿ ಲ್ಯಾಮೆಲ್ಲೋಸೈಟ್ ಅನ್ನುವ ಚಪ್ಪಟೆ ರಕ್ತಕಣ ಹುಟ್ಟುವುದನ್ನು ನೋಡುವುದು ಚಂದವೇ, ಆದರೆ ರಕ್ತ ಸಿಗುವುದು ಒಂದು ಹನಿಯೂ ಅಲ್ಲ. ಅಲ್ಲೂ ಅಂಟಿಕೊಂಡ ಕಣಗಳ ತಲೆನೋವು ಇದ್ದೇ ಇದೆ.

ಉಳಿದ ಹುಳಗಳನ್ನು ಬಿಸಾಡದೆ ಸೀಳಿ, ಗಂಟು ಎಣಿಸಿ. ಬರೀ ಉಪ್ಪುನೀರು ಚುಚ್ಚಿದವನ್ನೂ ಸೀಳಿ, ಯಾಕಂದ್ರೆ ಸೂಜಿ ಗಾಯಕ್ಕೇ ಒಂದಿಷ್ಟು ಕಪ್ಪು ಕಟ್ಟುತ್ತದೆ.