ಫ್ರೀ ಲೆಫ್ಟ್ ಯಾರಿಗೆ ಫ್ರೀ?

ಜಯನಗರದ ಓದುಗರೊಬ್ಬರು ಬರೆದಿದ್ದಾರೆ: "ಅಮೆರಿಕದ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಎಡಕ್ಕೆ ತಿರುಗುವವರಿಗೆ ಬೇರೆ ಲೇನ್, ಬಾಣದ ಸಿಗ್ನಲ್. ಬೆಂಗಳೂರಲ್ಲೂ ಎಲ್ಲ ಸರ್ಕಲ್‌ಗಳಲ್ಲಿ ಫ್ರೀ ಲೆಫ್ಟ್ (ರೆಡ್ ಇದ್ದರೂ ನಿಲ್ಲದೆ ಎಡಕ್ಕೆ ತಿರುಗುವ ಅವಕಾಶ) ಕೊಟ್ಟು, ಸಿಗ್ನಲ್‌ಗಳನ್ನು ಒಂದಕ್ಕೊಂದು ಹೊಂದಿಸಿದರೆ ಆಗದೇ?"

ಇಷ್ಟು ಗಮನಿಸಿ ನೋಡಿದ್ದಕ್ಕೆ ಥ್ಯಾಂಕ್ಸ್. ಆದರೆ ಅಮೆರಿಕದಲ್ಲಿ ವಾಹನ ಓಡುವುದು ಬಲಬದಿಯಲ್ಲಿ. ಎಡಕ್ಕೆ ತಿರುಗಬೇಕಾದರೆ ಎದುರಿನ ವಾಹನಗಳನ್ನು ಹಾಯ್ದು ಹೋಗಬೇಕು. ಅದಕ್ಕೇ ಆ ಲೇನ್, ಆ ಬಾಣ. ಅವರ ಎಡ ನಮ್ಮ ಬಲ. ನಮ್ಮ ಎಡ ತಿರುವಿನಲ್ಲಿ ಅಡ್ಡ ಸಿಗುವವರು ನಡೆದು ಹೋಗುವ ಜನ.

ಸಿಗ್ನಲ್ ಹೊಂದಿಸುವುದು ಒಳ್ಳೆಯದೇ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅರ್ಧ ಕಿಲೋಮೀಟರ್‌ಗೆ 45 ಸೆಕೆಂಡ್. ಮುಂದಿನ ಗ್ರೀನ್ ಅಷ್ಟು ತಡವಾಗಿ ಬಿದ್ದರೆ ನಿಲ್ಲದೆ ಹೋಗಬಹುದು. ಎದುರಿನಿಂದ ಬರುವವರಿಗೂ ಇದೇ ಲೆಕ್ಕ ಕೂಡಿಬರುವುದು ಕಷ್ಟ, ಅಷ್ಟೆ. ನಮ್ಮ ಟ್ರಾಫಿಕ್‌ಗೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮಾಡಿದ ಸಿಗ್ನಲ್ ವ್ಯವಸ್ಥೆ ಬೆಂಗಳೂರಿಗೂ ಬಂದಿದೆ. ಸಂತೋಷ.

ಫ್ರೀ ಲೆಫ್ಟ್ ಮಾತ್ರ ನಾನು ಒಪ್ಪುವುದಿಲ್ಲ. ಕಳೆದ ವಾರ ನಮ್ಮ ಕಚೇರಿ ಹತ್ತಿರದ ಸರ್ಕಲ್‌ನಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದರಲ್ಲಿ ಮೊಮ್ಮಗನ ಕೈ. ರೆಡ್ ಬಿತ್ತು. ನೇರ ಹೋಗುವ ಗಾಡಿಗಳು ನಿಂತವು, ಎಡಕ್ಕೆ ತಿರುಗುವವು ನಿಲ್ಲಲೇ ಇಲ್ಲ. ಅಜ್ಜಿ ಒಂದು ಹೆಜ್ಜೆ ಇಡುವುದು, ಹಾರ್ನ್ ಕೇಳಿ ಹಿಂದೆ ಸರಿಯುವುದು. ಹೀಗೇ ಮೂರು ರೆಡ್ ಕಳೆದವು. ಕೊನೆಗೆ ನಾನು ಕೈ ಅಡ್ಡ ಹಿಡಿದು ದಾಟಿಸಿದೆ. "ಈ ಕಡೆಗೆ ಸಿಗ್ನಲ್ಲೇ ಇಲ್ವಾ ಸ್ವಾಮಿ?" ಅಂದರು. ಇರಲಿಲ್ಲ.

ತಿರುವು ಅಗಲವಾದಷ್ಟೂ ಯಾರೂ ಬ್ರೇಕ್ ಹಾಕುವುದಿಲ್ಲ. ಮೂಲೆಯನ್ನು ಬಿಗಿ ಮಾಡಿ, ಫುಟ್‌ಪಾತ್ ಮುಂದಕ್ಕೆ ತಂದರೆ ಗಾಡಿ ತಾನಾಗಿ ನಿಧಾನವಾಗುತ್ತದೆ. ದಾಟುವ ದೂರವೂ ಕಡಿಮೆಯಾಗುತ್ತದೆ. ನಡೆಯುವವರು ಸೆಕೆಂಡಿಗೆ 1.2 ಮೀಟರ್ ಹೋಗುತ್ತಾರೆ ಅನ್ನುವುದು ಎಂಜಿನಿಯರುಗಳ ಲೆಕ್ಕ. 24 ಮೀಟರ್ ರಸ್ತೆಗೆ 20 ಸೆಕೆಂಡ್. ಮೊಣಕಾಲು ನೋವಿರುವ ಅಜ್ಜಿಗೆ ಅದು ಸಾಲುತ್ತದಾ?

ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿ ಟೆಂಡರ್ ಶ್ಯೂರ್ ಅನ್ನುವ ರಸ್ತೆ ಸುಧಾರಣೆ ಯೋಜನೆಯಲ್ಲಿ ಫುಟ್‌ಪಾತ್ ಅಗಲ ಮಾಡಿದಾಗ "ರಸ್ತೆ ಕಿರಿದಾಯಿತು" ಅಂತ ಎಷ್ಟು ಜನ ಸಿಟ್ಟಾದರು! ಫುಟ್‌ಪಾತ್ ಕೂಡ ರಸ್ತೆಯೇ ಅಲ್ವಾ? ರಸ್ತೆ ಅಗಲೀಕರಣ ಅಂದಾಗಲೆಲ್ಲ ಮೊದಲು ಹೋಗುವುದು ಫುಟ್‌ಪಾತ್, ಆಮೇಲೆ ಮರ. ದಾಟಲು ಜಾಗ ಕೇಳಿದರೆ ಸ್ಕೈವಾಕ್ ಕಟ್ಟಿ, ವಯಸ್ಸಾದವರನ್ನು ಮೆಟ್ಟಿಲು ಹತ್ತಿಸುತ್ತಾರೆ. ಗಾಡಿಯವರಿಗೆ ಅರ್ಧ ನಿಮಿಷ ಉಳಿಯಲಿ ಅಂತ ಇಷ್ಟೆಲ್ಲ.

ನೀವೂ ದಿನಾ ವಾಕಿಂಗ್ ಹೋಗುತ್ತೀರಿ ಅಂತ ಪತ್ರದಲ್ಲೇ ಬರೆದಿದ್ದೀರಿ. ನಾಳೆ ನಿಮ್ಮ ಸರ್ಕಲ್‌ನಲ್ಲಿ ನಿಂತು, ದಾಟುವವರ ಸಿಗ್ನಲ್‌ನ ಹಸಿರು ಮನುಷ್ಯ ಎಷ್ಟು ಸೆಕೆಂಡ್ ಉರಿಯುತ್ತಾನೆ ಅಂತ ಎಣಿಸಿ ನನಗೆ ಬರೆಯಿರಿ. ಅಚ್ಚು ಹಾಕುತ್ತೇನೆ.

– ಸಂ.