ಸೂಜಿ ತಾಗುವ ಮೊದಲೇ ನೋವೇಕೆ?

ರೂಟ್ ಕೆನಾಲ್‌ಗೆ ಮತ್ತೊಮ್ಮೆ ಹೋಗಬೇಕೆಂದಾಗಿನಿಂದ ನಿಮಗೆ ನಿದ್ದೆಯಿಲ್ಲ, ಸೂಜಿ ತಾಗುವ ಮೊದಲೇ ದವಡೆ ಸಿಡಿಯುತ್ತದೆ. ಮನೆಯವರು ಅದನ್ನು ‘ಮನಸ್ಸಿನ ಭ್ರಮೆ’ ಎನ್ನುತ್ತಾರೆ. ಆದರೆ ಬೈಕಿನಿಂದ ಬಿದ್ದ ದಿನ ಜೀವಭಯದಲ್ಲಿದ್ದರೂ ಕೈ ಮುರಿದದ್ದೇ ತಿಳಿಯಲಿಲ್ಲವಂತೆ. ಇದೆಂಥ ವಿಚಿತ್ರ ಎಂದು ಕೇಳಿದ್ದೀರಿ.

ನಿಮಗಾಗುತ್ತಿರುವುದು ನೋವೇ, ಭ್ರಮೆಯಲ್ಲ. ಇಟಲಿಯ ಟ್ಯೂರಿನ್‌ನಲ್ಲಿ ಸಂಶೋಧಕ ಫ್ಯಾಬ್ರಿಜಿಯೊ ಬೆನೆಡೆಟ್ಟಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಏನೂ ಸತ್ವವಿಲ್ಲದ ಮದ್ದು ಕೊಟ್ಟು ‘ಇದರಿಂದ ನೋವು ಹೆಚ್ಚುತ್ತದೆ’ ಎಂದರು. ಹೆಚ್ಚಿತು, ಜೊತೆಗೆ ಒತ್ತಡದ ಹಾರ್ಮೋನುಗಳೂ ಏರಿದವು. ಆತಂಕ ತಗ್ಗಿಸುವ ಡಯಾಜೆಪಾಮ್ ಕೊಟ್ಟಾಗ ಎರಡೂ ನಿಂತವು. ಕೊಲೆಸಿಸ್ಟೋಕೈನಿನ್ ಎಂಬ ರಾಸಾಯನಿಕವನ್ನು ತಡೆಯುವ ಪ್ರೊಗ್ಲುಮೈಡ್ ಕೊಟ್ಟಾಗ ಮಾತ್ರ ತಮಾಷೆಯಾಯಿತು: ಹಾರ್ಮೋನು ಏರಿಯೇ ಇತ್ತು, ನೋವಿನ ಏರಿಕೆ ಇಲ್ಲ! ಅಂದರೆ ಆತಂಕವನ್ನು ನೋವಾಗಿ ದಾಟಿಸುವ ದೂತ ಈ ರಾಸಾಯನಿಕ. ಬರೀ ಭ್ರಮೆಯಾಗಿದ್ದರೆ ಅದನ್ನು ಹೀಗೆ ಮದ್ದಿನಿಂದ ಅಡ್ಡಗಟ್ಟಲಾದೀತೇ?

ಇನ್ನು ಬೈಕಿನ ವಿಷಯ. ಅಪಾಯ ಎದುರಿಗೇ ಬಂದು ನಿಂತಾಗ ದೇಹ ತನ್ನದೇ ಓಪಿಯಾಯ್ಡ್‌ಗಳನ್ನು (ನೋವು ತಗ್ಗಿಸುವ ರಾಸಾಯನಿಕಗಳನ್ನು) ಬಿಟ್ಟು ನೋವನ್ನು ಅದುಮುತ್ತದೆ, ಮೊದಲು ಪಾರಾಗಲೆಂದು. ದಂತವೈದ್ಯರ ಕುರ್ಚಿಯಲ್ಲಿ ಓಡುವ ಹಾಗಿಲ್ಲ, ಕಾಯಬೇಕು. ಕಾಯುವಾಗ ಗಮನವೆಲ್ಲ ಆ ಒಂದು ಹಲ್ಲಿನ ಮೇಲೆ. ಸಣ್ಣ ಚುರುಕೂ ದೊಡ್ಡದಾಗುತ್ತದೆ. ಎದುರಿನ ಅಪಾಯದ ಭಯ, ಕಾಯುವಾಗಿನ ಆತಂಕ ಎರಡನ್ನೂ ನಾವು ‘ಹೆದರಿಕೆ’ ಎಂದರೂ ನೋವಿನ ಮಟ್ಟಿಗೆ ಅವು ವಿರುದ್ಧ ದಿಕ್ಕಿನವು.

ಹಿಂದಿನ ಸಲದ ಕಹಿಯೂ ಇಲ್ಲಿ ಕೆಲಸ ಮಾಡುತ್ತಿರಬಹುದು. ನಿರೀಕ್ಷೆಯ ಬಲ ಸಾಮಾನ್ಯದ್ದಲ್ಲ. ಸಂಶೋಧಕಿ ಉಲ್ರಿಕೆ ಬಿಂಗೆಲ್ ತಂಡದ 2011ರ ಅಧ್ಯಯನದಲ್ಲಿ ರೆಮಿಫೆಂಟನಿಲ್‌ನಂಥ ಪ್ರಬಲ ನೋವುನಿವಾರಕ ರಕ್ತದಲ್ಲಿ ಹರಿಯುತ್ತಿದ್ದಾಗಲೇ ‘ನಿಲ್ಲಿಸಿದ್ದೇವೆ’ ಎಂದದ್ದಕ್ಕೆ ಅದರ ಪರಿಣಾಮವೇ ಅಳಿಸಿಹೋಯಿತು.

ವೈದ್ಯರ ಮಾತಿಗೂ ಇದರಲ್ಲಿ ಪಾಲಿದೆ. ಹೆರಿಗೆಗೆ ಬಂದವರಿಗೆ ಬೆನ್ನಿಗೆ ಚುಚ್ಚುವ ಮುನ್ನ ‘ದೊಡ್ಡ ಜೇನುನೊಣ ಕಚ್ಚಿದಂತೆ’ ಎಂದಾಗ, ‘ಜಾಗ ಮರಗಟ್ಟಿಸುತ್ತೇವೆ, ಆರಾಮವಾಗಿರುತ್ತೀರಿ’ ಎಂದಾಗಿನದಕ್ಕಿಂತ ಹೆಚ್ಚು ನೋವು ವರದಿಯಾಯಿತು. ಹಾಗೆಂದು ಸುಳ್ಳು ಹೇಳಿ ಎನ್ನುವುದಿಲ್ಲ. ‘ಏನೂ ಆಗಲ್ಲ’ ಎಂದು ಹೇಳಿ ಆಮೇಲೆ ನೋಯಿಸಿದರೆ ಮುಂದಿನ ಸಲ ಯಾರು ನಂಬುತ್ತಾರೆ?

ಹೋಗುವ ಮೊದಲೇ ವೈದ್ಯರಿಗೆ ನಿಮ್ಮ ಭಯ ತಿಳಿಸಿ. ಕೈ ಎತ್ತಿದರೆ ನಿಲ್ಲಿಸಬೇಕೆಂದು ಮಾತಾಡಿಕೊಳ್ಳಿ. ಹಿಂದಿನ ರಾತ್ರಿ ಪರರ ಚಿಕಿತ್ಸೆಯ ಕಥೆಗಳನ್ನು ಹುಡುಕಿ ಓದಬೇಡಿ. ಆದರೆ ಚಿಕಿತ್ಸೆಯ ನಂತರವೂ ನೋವು ಇಳಿಯದಿದ್ದರೆ ಅದನ್ನು ಭಯದ ಲೆಕ್ಕಕ್ಕೆ ಬರೆಯದೆ ಹಲ್ಲನ್ನು ಮತ್ತೆ ತೋರಿಸಿ.

— ಸಂಪಾದಕ